ಜೀವದ ಬಾಯಿಗೆ ಹಸಿ ಗೋಣಿ

ಕಾಸ್ತೆಲ್ಪೆರೊ
ಭಾನುವಾರ, 21 ಫೆಬ್ರವರಿ 1988

ತಮ್ಮ ಎಲ್ವಿಯೊಗೆ,

ಮೊದಲು ‘ಪ್ರೀತಿಯ’ ಅಂತ ಬರೆದು ಆಮೇಲೆ ಅದರ ಮೇಲೆ ಗೀಟು ಎಳೆದಿದ್ದೇನೆ, ನೋಡಿರುತ್ತೀಯ. ಬೇರೆ ಹಾಳೆ ತೆಗೆದುಕೊಳ್ಳಬಹುದಿತ್ತು. ಬೇಕೆಂದೇ ತೆಗೆದುಕೊಳ್ಳಲಿಲ್ಲ. ಆ ಗೀಟು ಕೂಡ ನಿನ್ನ ಕೈಗೆ ತಲುಪಲಿ.

ನೀನು ಕಳಿಸಿದ ಪತ್ರಿಕೆ ಗುರುವಾರ ಬಂತು. ಅಂಚೆಯ ಜೆರಾರ್ದೊ ಅದನ್ನು ಬೀದಿಯ ತುದಿಯಿಂದಲೇ ಎತ್ತಿ ಆಡಿಸುತ್ತಾ ಬಂದ. “ಲೊರೆತಾ, ನಿನ್ ತಮ್ಮ ಪತ್ರಿಕೇಲಿ ಬಂದಿದಾನೆ ಕಣೇ! ಏಪ್ರನ್ ನೋಡು, ಮದ್ವೆ ಗಂಡಿನ್ ಅಂಗಿ ಇದ್ದಂಗಿದೆ!” ಅಂದ. ಕ್ರೆಮೋನಾದಲ್ಲಿ ಪಿಟೀಲು ಮಾಡುವವರಿಗೆ ಕೊಳೆ ಹತ್ತುವುದೇ ಇಲ್ಲವೋ ಏನೋ. ಮೊದಲ ಪುಟದಲ್ಲಿ ನಿನ್ನ ಕೈಬರಹ ಇತ್ತು: ‘ಈ ಪದವನ್ನು ಕೈಯಿಂದಲೇ ಬಲ್ಲ ನನ್ನ ಲೊರೆತಾ ಅಕ್ಕನಿಗೆ.’ ಅದನ್ನು ಓದಿ ಒಲೆಯ ಮುಂದೆ ನಿಂತು ಎರಡು ಹನಿ ಕಣ್ಣೀರು ಹಾಕಿದೆ. ಆ ಎರಡು ಹನಿ ನನಗೆ ವಾಪಸು ಬೇಕು.

ಅಮ್ಮನಿಗೆ ಈಗ ಸಣ್ಣ ಅಕ್ಷರ ಕಾಣುವುದಿಲ್ಲ, ಅದಕ್ಕೇ ಜೋರಾಗಿ ಓದಿ ಹೇಳಿದೆ. ‘ಆನಿಮಾ: ಏಳು ಕಸುಬುಗಳ ಒಂದು ಜೀವ.’ ಶೀರ್ಷಿಕೆ ಕೇಳಿದ ಕೂಡಲೇ ಅವಳು ಸೂಜಿ ಕೆಳಗಿಟ್ಟಳು. ಪಿಟೀಲಿನ ಹೊಟ್ಟೆಗೂ ಬೆನ್ನಿಗೂ ನಡುವೆ, ಅಂಟು ಗಿಂಟು ಏನೂ ಇಲ್ಲದೆ, ಬರೀ ಒತ್ತಡದಲ್ಲಿ ನಿಂತಿರುವ ಪೆನ್ಸಿಲ್ ದಪ್ಪದ ಮರದ ಕಡ್ಡಿಯೇ ಅದರ ಜೀವ, ಅದು ಬಿದ್ದರೆ ದನಿ ಹೋಯಿತು ಅಂತ ಬರೆದಿದ್ದೀಯ. ಚೆನ್ನಾಗಿಯೇ ಬರೆದಿದ್ದೀಯ. ಲಿಬೆರಾತೊ ಮಾಮನ ಹಗ್ಗದ ನಟ್ಟನಡುವಿನ ಎಳೆ, ಅಮ್ಮ ಹೊಲಿಯುವ ಅಂಗಿ ಗುಂಡಿಗಳಲ್ಲಿ ಬಟ್ಟೆಯೊಳಗೆ ಅಡಗಿರುವ ಮರದ ಬಿಲ್ಲೆ, ಬಂದೂಕಿನ ನಳಿಗೆಯ ತೂತು, ರೈಲು ಕಂಬಿಯ ನಡುಭಾಗ, ಪಾದ್ರಿಗಳ ಜೀವ, ಕೊನೆಗೆ ಅಪ್ಪ ಎರೆಯುವ ಗಂಟೆಯ ಒಳಗಿನ ಮಣ್ಣಿನ ಜೀವ. ಕಂಬಿಯ ವಿಷಯ ನನಗೆ ನಂಬಿಕೆ ಬರಲಿಲ್ಲ. ನಿಘಂಟಿನಿಂದ ಎತ್ತಿದ್ದಾನೆ ಅಂದುಕೊಂಡು ಸ್ಟೇಷನ್ನಿನವರನ್ನು ಕೇಳಿಸಿದೆ. ಅವರೂ ಹಾಗೇ ಅನ್ನುತ್ತಾರಂತೆ. ಅಷ್ಟರಮಟ್ಟಿಗೆ ನೀನು ಗೆದ್ದೆ.

ಆದರೆ ಅಮ್ಮನ ಮಾತನ್ನು ಕದ್ದೆಯಲ್ಲ, ಅದಕ್ಕೇನು ಹೇಳುತ್ತೀಯ? ಅಪ್ಪ, ಮಾಮ ಜೀವದ ಮೇಲೆ ವಾದ ಮಾಡಿದ ಆ ಭಾನುವಾರದ ಊಟ ನಿನಗೆ ನೆನಪಿದೆ ಅಂತ ಲೇಖನದಿಂದ ಗೊತ್ತಾಗುತ್ತದೆ. ಯಾರು ಏನಂದರು ಅನ್ನುವುದು ಮಾತ್ರ ನೆನಪಿಲ್ಲ. ಲಿಬೆರಾತೊ ಮಾಮ ಹುರುಳಿಕಾಯಿ ಬಿಡಿಸುತ್ತಾ ಅಪ್ಪನನ್ನು ಕೆಣಕಿದ: “ಭಾವ, ನಿಮ್ದು ಎಂಥಾ ಜೀವ ಮಾರಾಯ್ರೆ! ವಾರಗಟ್ಲೆ ಕೂತು ಕಟ್ತೀರಿ, ಗಂಟೆ ಎರೆದ್ಮೇಲೆ ಸುತ್ತಿಗೇಲಿ ಒಡೆದು ತಿಪ್ಪೆಗೆ ಬಿಸಾಕ್ತೀರಿ. ನನ್ ಜೀವ ನೋಡಿ, ಹಗ್ಗ ಹರಿಯೋ ತನಕ ಒಳಗೇ ಇರುತ್ತೆ.” ಅಪ್ಪ ಬಾಯಿ ಒರೆಸಿಕೊಂಡು, “ನಿನ್ ಹಗ್ಗ ಹತ್ವರ್ಷಕ್ಕೆ ಹರಿಯುತ್ತೆ. ನನ್ ಜೀವ ಒಣಗಿದ್ರೆ ಗಂಟೆ ಮುನ್ನೂರ್ವರ್ಷ ಮಾತಾಡುತ್ತೆ” ಅಂದ. ಆಗ ಅಮ್ಮ ತಲೆ ಎತ್ತದೆಯೇ, “ಸುಮ್ನಿರ್ರೋ ಇಬ್ರೂ. ನನ್ ಗುಂಡಿ ಜೀವ ಮುರಿದ್ರೆ ನಿಮ್ಮಿಬ್ರ ಚಡ್ಡೀನೂ ಇಲ್ಲೇ ಜಾರುತ್ತೆ” ಅಂದಳು. ಮಾಮನ ಮೂಗಿನಿಂದ ವೈನ್ ಬಂತು. ನೀನು ಆ ಮಾತನ್ನು ಊರಿನ ಪಾದ್ರಿಯ ಬಾಯಲ್ಲಿ ಇಟ್ಟಿದ್ದೀಯ, ಚಡ್ಡಿಯನ್ನು ‘ವಸ್ತ್ರ’ ಮಾಡಿದ್ದೀಯ. ನಾನು ಓದುತ್ತಿದ್ದಾಗ ಅಮ್ಮ ಅಲ್ಲಿ ನಕ್ಕಳು, ಆಮೇಲೆ “ಅದು ನಾನು ಹೇಳಿದ್ದು ಅಲ್ವೇನೇ?” ಅಂತ ಕೇಳಿದಳು. ಹೌದಮ್ಮ, ನಿನ್ನ ಮಗನಿಗೆ ನಾಚಿಕೆಯಾಗಿರಬೇಕು ಅಂದೆ.

ಇದೆಲ್ಲ ಬಿಡು. ಇದಕ್ಕೆ ನಾನು ಕಾಗದ ಬರೆಯುತ್ತಿರಲಿಲ್ಲ.

ಓದಿ ಮುಗಿಸಿದಾಗ ಅಮ್ಮ, “ಎಷ್ಟು ಚೆನ್ನಾಗಿ ಬರ್ದಿದಾನೆ ಮಗು, ಇನ್ನೊಂದ್ಸಲ ಓದು” ಅಂದಳು. ಎರಡನೆಯ ಸಲ ಓದುವಾಗ ನಿನ್ನ ಆ ವಾಕ್ಯದ ಮೇಲೆ ನನ್ನ ನಾಲಿಗೆ ನಿಂತುಹೋಯಿತು. ಮೊದಲ ಸಲ ಓದುವಾಗ ಅಳು ಬರುತ್ತಿತ್ತಲ್ಲ, ಸರಿಯಾಗಿ ನೋಡಿಯೇ ಇರಲಿಲ್ಲ. ನೀನೇ ಬರೆದದ್ದು, ನಿನಗೇ ನಕಲು ಮಾಡಿ ಕಳಿಸುತ್ತಿದ್ದೇನೆ, ಓದಿಕೋ:

‘ನನ್ನ ಮೊದಲ ಪಿಟೀಲಿನ ವಾರ್ನಿಷ್ ಒಣಗಿದ್ದು ಅಪ್ಪನ ಗಂಟೆಯ ಕಾವಿನಲ್ಲಿ. ಸಂತ ರೋಕನ ಗಂಟೆಗಾಗಿ ಜೀವವನ್ನು ಒಣಗಿಸುತ್ತಿದ್ದ ದಿನಗಳವು. ನಾನು ಪಿಟೀಲನ್ನು ಮೇಲಿನ ತೊಲೆಗೆ ತೂಗುಹಾಕಿದ್ದೆ. ಮಸಿ ಹಾರಿ ಹಸಿ ವಾರ್ನಿಷ್‌ಗೆ ಹತ್ತದಿರಲೆಂದು ಜೀವದ ಬಾಯಿಗೆ ಒಂದು ಹಸಿ ಗೋಣಿಯನ್ನು ಹೊದಿಸಿ ಮಧ್ಯಾಹ್ನವಿಡೀ ಕಾದು ಕೂತೆ. ಹೀಗೆ ಒಂದು ಕಸುಬಿನ ಜೀವ ಇನ್ನೊಂದರ ಜೀವಕ್ಕೆ ತನ್ನ ಉಸಿರನ್ನು ಕೊಟ್ಟಿತು.’

ಉಸಿರು ಕೊಟ್ಟಿತಂತೆ! ಅದರ ಉಸಿರು ಕಟ್ಟಿಸಿದವನು ನೀನು ಕಣೋ!

ಹತ್ತೂವರೆ ವರ್ಷ ನಾನು ಹುಡುಕಿದ್ದು ಅಚ್ಚಾಗಿ, ಬಣ್ಣದ ಚಿತ್ರದ ಜೊತೆ, ಅಂಚೆಯಲ್ಲಿ ಮನೆಗೇ ಬಂತು. ನಿನಗೆ ಇನ್ನೂ ಗೊತ್ತಾಗಿಲ್ಲ ಅನ್ನುವುದು ನನಗೆ ಗೊತ್ತು. ಗೊತ್ತಿದ್ದರೆ ಬರೆಯುತ್ತಿರಲಿಲ್ಲ, ನೀನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ನೀನು ಗಂಟೆ ಎರೆಯುವವನ ಮನೆಯಲ್ಲಿ ಹುಟ್ಟಿ, ಹದಿನೆಂಟು ವರ್ಷ ಆ ಮಣ್ಣಿನ ಮೇಲೆ ಓಡಾಡಿ, ಏಳು ಕಸುಬಿನ ಜೀವದ ಬಗ್ಗೆ ಹಾಳೆಗಟ್ಟಲೆ ಬರೆಯುತ್ತೀಯ, ನಿನ್ನ ಸ್ವಂತ ಅಪ್ಪನ ಗಂಟೆಯ ಜೀವಕ್ಕೆ ಏನು ಬೇಕು, ಏನು ಬೇಡ ಅನ್ನುವುದು ನಿನಗೆ ಗೊತ್ತಿಲ್ಲ. ನನ್ನ ಹೊಟ್ಟೆ ಉರಿಯುವುದು ಅದಕ್ಕೆ.

ಮರೆತಿರುತ್ತೀಯ, ಹೇಳುತ್ತೇನೆ ಕೇಳು. ನೆಲದಲ್ಲಿ ತೋಡಿದ ಗುಂಡಿಯೊಳಗೆ ಇಟ್ಟಿಗೆಯಲ್ಲಿ ಟೊಳ್ಳು ದಿಂಡು ಕಟ್ಟಿ, ಅದರ ಮೇಲೆ ಜೇಡಿಮಣ್ಣು, ಕುದುರೆ ಲದ್ದಿ, ಮೇಕೆ ಕೂದಲು ಕಲಸಿ ಪದರ ಪದರವಾಗಿ ಬಳಿದದ್ದು ನಮ್ಮ ಜೀವ. ಗಂಟೆಯ ಒಳಗಿನ ಟೊಳ್ಳು ಎಷ್ಟಿರಬೇಕೋ ಅಷ್ಟೇ ಅದರ ಆಕಾರ. ಅದರ ಮೇಲೆ ಹೊರಗಿನ ಅಚ್ಚು ಕವುಚುತ್ತದೆ, ಎರಡರ ನಡುವಿನ ಸಂದಿಗೆ ಕಂಚು ಇಳಿಯುತ್ತದೆ. ಜೀವದ ತಲೆಯಲ್ಲಿ ಒಂದು ಬಾಯಿ ಇರುತ್ತದೆ. ಅದರಿಂದ ಇದ್ದಿಲು ಹಾಕಿ ಒಳಗೆ ನಾಲ್ಕು ದಿನ ಬೆಂಕಿ ಇಡುವುದು, ಮಣ್ಣಿನ ನೀರೆಲ್ಲ ಆ ಬಾಯಿಂದಲೇ ಆವಿಯಾಗಿ ಹೋಗಬೇಕು. ಒಂದು ಲೋಟದಷ್ಟು ನೀರು ಉಳಿದರೂ ಸಾಕು, ಸಾವಿರ ಡಿಗ್ರಿಯ ಕಂಚು ತಾಗಿದ ಕೂಡಲೇ ಅದು ಆವಿಯಾಗಿ ಕಂಚನ್ನು ಮೇಲಕ್ಕೆ ಉಗುಳುತ್ತದೆ. ನೀನು ಆ ಬಾಯಿಯನ್ನು ಮುಚ್ಚಿದೆ. ಅದೂ ನೀರಲ್ಲಿ ಅದ್ದಿದ ಗೋಣಿಯಿಂದ.

ಬುಧವಾರ ಅದು. ನಾನು ನಾಲ್ಕು ದಿನ ಅದರ ಪಕ್ಕದಿಂದ ಎದ್ದಿರಲಿಲ್ಲ, ಕಣ್ಣು ಕೆಂಡವಾಗಿತ್ತು. ಅಪ್ಪನೇ ಮಧ್ಯಾಹ್ನ ಬಂದು, “ಎದ್ದು ಮನೆಗೋಗೇ, ಎರಡು ತುತ್ತು ತಿಂದು ಮಲಕ್ಕೊ. ಎಲ್ವಿಯೊ ಕೂತ್ಕೋತಾನೆ. ಸಂಜೆ ಗಂಟೆ ಹೊಡೆಯೋ ತನಕ ಇದ್ದಿಲು ಹಾಕೋಕೆ ಅವ್ನಿಗೆ ಬರಲ್ವಾ?” ಅಂದ. ನೀನು ಆಗಷ್ಟೇ ಕ್ರೆಮೋನಾದಿಂದ ಬಂದಿದ್ದೆ, ನಿನ್ನ ಮೊದಲ ಪಿಟೀಲನ್ನು ಮಗುವಿನ ಹಾಗೆ ತಬ್ಬಿಕೊಂಡು. ನಾನು ನಿನ್ನ ಕೆನ್ನೆ ತಟ್ಟಿ ಹೋದೆ. ವಾಪಸು ಬಂದಾಗ ನೀನು ಬೆಂಕಿ ಊದುತ್ತಿದ್ದೆ. “ಸ್ವಲ್ಪ ಆರಿತ್ತು ಅಕ್ಕಾ, ಮತ್ತೆ ಹತ್ತಿಸ್ದೆ” ಅಂದೆ. ಗೋಣಿ ಎಲ್ಲೂ ಕಾಣಲಿಲ್ಲ. ಪಿಟೀಲು ಮಾತ್ರ ತೊಲೆಯಲ್ಲಿ ಹೊಳೆಯುತ್ತಿತ್ತು. ಎಷ್ಟು ಚೆನ್ನಾಗಿದೆ ಅಂದೆ ನಾನು, ದಡ್ಡಿ!

ಗುರುವಾರ ಬೆಳಗ್ಗೆ ಕೆಂಡ ತೆಗೆದ ಮೇಲೆ, ಪದ್ಧತಿಯಂತೆ ನಾನು ಜೀವದ ಬಾಯಿಗೆ ಭುಜದವರೆಗೆ ಕೈ ಇಳಿಸಿ ನೋಡಿ, ಒಣಗಿದೆ ಅಂತ ಎಲ್ಲರೆದುರು ಹೇಳಿದೆ. ಅದರ ಬಗ್ಗೆ ಬರೆಯುವುದಕ್ಕೆ ಹೆಚ್ಚೇನಿಲ್ಲ. ಹೊರಗಿನ ಅಚ್ಚು ಕವುಚಿದರು, ಗುಂಡಿಗೆ ಮಣ್ಣು ತುಂಬಿ ತುಳಿದರು.

ಶುಕ್ರವಾರ ನೀನೂ ಅಲ್ಲೇ ಇದ್ದೆ. ಬಿಷಪ್ ಬಂದಿದ್ದರು, ದೇವಮಾತೆಯ ನಾಮಾವಳಿಯ ಪ್ರಾರ್ಥನೆ ಶುರುವಾಗಿತ್ತು. ಅಪ್ಪ ಕುಲುಮೆಯ ಬೆಣೆ ಹೊಡೆದು ತೆಗೆದ. ಕಂಚು ಕಾಲುವೆಯಲ್ಲಿ ಹರಿದು ಅಚ್ಚಿನ ಬಾಯಿಗೆ ಇಳಿಯಿತು. ಒಂದು, ಎರಡು, ಮೂರು ಅಂತ ನಾನು ಮನಸ್ಸಿನಲ್ಲಿ ಎಣಿಸುತ್ತಿದ್ದೆ. ಒಂಬತ್ತಕ್ಕೆ ನೆಲದೊಳಗೆ ಗೊಟಗೊಟ ಅಂತ ಸದ್ದಾಯಿತು. ಹನ್ನೊಂದಕ್ಕೆ ಕಂಚು ಮೇಲಕ್ಕೆ ಚಿಮ್ಮಿತು. ಅಪ್ಪ ಬಗ್ಗಿ ನೋಡುತ್ತಿದ್ದ. ಬಲಗಣ್ಣು ಅಲ್ಲೇ ಹೋಯಿತು. ಹೊರಗೆ ತೆಗೆದಾಗ ಗಂಟೆಯ ಮೈತುಂಬ ತೂತು, ಹಳೆಯ ಸ್ಪಂಜಿನ ಹಾಗೆ. ಕಾರ್ಖಾನೆಯಲ್ಲಿ ಗಂಟೆಯ ದನಿ ನೋಡುವ ಚೆಸೀದಿಯೊ ಮಾಮ ಒಂದು ಸಲ ಸುತ್ತಿಗೆ ತಾಗಿಸಿ ನೋಡಿದ. ಮಡಕೆ ಬಡಿದ ಹಾಗೆ ಕೇಳಿಸಿತು, ಸುತ್ತಿಗೆ ಕೆಳಗಿಟ್ಟ.

ನೀನು ಆ ಭಾನುವಾರದ ರೈಲು ಹಿಡಿದೆ. ಪರೀಕ್ಷೆ ಇತ್ತಲ್ಲ. ಮೆಡಲ್ ಬಂತು ಅಂತ ಕಾಗದ ಬರೆದೆ. ಆಮೇಲೆ ಇಲ್ಲಿ ಏನಾಯಿತು ಅಂತ ನೀನು ಯಾವತ್ತಾದರೂ ಕೇಳಿದೆಯಾ? ‘ಅಕ್ಕ, ಆರೋಗ್ಯವೇ?’ ಅಂತ ಕೇಳಿದೆ. ಹೌದು, ಆರೋಗ್ಯ. ತುಂಬಾ ಆರೋಗ್ಯ.

ಕಾಸ್ತೆಲ್ಪೆರೊದಲ್ಲಿ ಜೀವ ಕಟ್ಟಿದ ಮೊದಲ ಹೆಂಗಸು ನಾನು. ಅಪ್ಪ ಎಲ್ಲರ ಬಾಯಿ ಮುಚ್ಚಿಸಿ ನನ್ನ ಕೈಗೆ ಕರಣೆ ಕೊಟ್ಟಿದ್ದ. “ಗಂಡಸ್ರು ಮಣ್ಣನ್ನ ಬಡೀತಾರೆ, ಇವ್ಳು ಸವರ್ತಾಳೆ, ವ್ಯತ್ಯಾಸ ನೋಡ್ರೋ” ಅಂದಿದ್ದ. ಗಂಟೆ ಹಾಳಾದ ಮೇಲೆ ಆ ಬಾಯಿಗಳೆಲ್ಲ ಒಟ್ಟಿಗೆ ತೆರೆದುಕೊಂಡವು. ಹೆಂಗಸಿನ ಕೈ ಹಸಿ, ಅವಳು ಮುಟ್ಟಿದ್ದು ಒಣಗುವುದಿಲ್ಲ ಅಂತ ನೀರಿನ ಕಟ್ಟೆಯಲ್ಲಿ ಮಾತಾಡಿಕೊಂಡರು. ನನ್ನೆದುರೇ ಮಾತಾಡಿದರು, ಮರೆಯಲ್ಲಿ ಮಾತಾಡುವಷ್ಟು ಮರ್ಯಾದೆಯೂ ನನಗೆ ಉಳಿದಿರಲಿಲ್ಲ. ನಮ್ಮ ರೆಮೊ, ದೊಡ್ಡಪ್ಪನ ಮಗ, ನಾನು ಜೊತೆಗೆ ಆಡಿ ಬೆಳೆದವನು, ಹಿಟ್ಟು ನಾದುತ್ತಿದ್ದ ನನ್ನ ನೋಡಿ, “ಲೊರೆತಾ, ಹುಷಾರು, ಬ್ರೆಡ್ಡೂ ಬೇಯದೇ ಹೋದೀತು” ಅಂದ. ಆ ಹಿಟ್ಟನ್ನು ಅವನ ಮುಖಕ್ಕೆ ಎಸೆದೆ. ಎಸೆದು ಏನು ಬಂತು? ನನಗೆ ಮೇಣದ ಕೆಲಸ ಕೊಟ್ಟರು. ಗಂಟೆಯ ಮೇಲೆ ಬರುವ ಅಕ್ಷರ, ಹೂವು, ಸಂತರ ಮೂಗು. ಹತ್ತು ವರ್ಷದಿಂದ ಬೇರೆಯವರ ಜೀವದ ಮೇಲೆ ನಾನು ಹೂವು ಅಂಟಿಸುತ್ತಿದ್ದೇನೆ.

ಅಪ್ಪ ನನ್ನನ್ನು ಒಂದು ದಿನವೂ ಬೈಯಲಿಲ್ಲ. ಆಸ್ಪತ್ರೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಾಗ ಒಂದೇ ಒಂದು ಮಾತು ಕೇಳಿದ, ನಾನು ಉತ್ತರ ಹೇಳಿದೆ, ಅಷ್ಟೇ. ಮನೆಗೆ ಬಂದವನೇ ಮಣ್ಣು ಕಲಸಲು ಕೂತ. ತಪ್ಪು ನನ್ನ ಮಣ್ಣಿನದು ಅಂದ. ಲದ್ದಿ ಹೆಚ್ಚಾಗಿರಬೇಕು, ಕೂದಲು ಕಡಿಮೆಯಾಗಿರಬೇಕು, ನದಿಯ ಆಚೆ ದಡದ ಜೇಡಿ ತಂದದ್ದು ತಪ್ಪಾಯಿತು ಅಂದ. ಚಿಕ್ಕ ಚಿಕ್ಕ ಬಟ್ಟಲು ಮಾಡಿ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಒಣಗಿಸಿ, ಒಂದೊಂದಕ್ಕೂ ಮೊಳೆಯಿಂದ ಗುರುತು ಕೆತ್ತಿ, ಒಡೆದು, ಉಳಿದ ಒಂದು ಕಣ್ಣಿನ ಹತ್ತಿರಕ್ಕೆ ಹಿಡಿದು ನೋಡುತ್ತಿದ್ದ. ನಾಲ್ಕು ವರ್ಷ ಕಣೋ ಎಲ್ವಿಯೊ. ಐವತ್ತು ವರ್ಷ ಅದೇ ಮಣ್ಣಿನಲ್ಲಿ ಗಂಟೆ ಎರೆದ ಮಾಸ್ತ್ರೊ ಸಬಾತೀನೊ, ನಮ್ಮಪ್ಪ, ತನ್ನ ಕೈಯ ಮೇಲೆ ತಾನೇ ನಂಬಿಕೆ ಕಳೆದುಕೊಂಡು, ಅಂಬೆಗಾಲಿಡುವ ಮಗುವಿನ ಹಾಗೆ ಮೊದಲಿನಿಂದ ಶುರುಮಾಡಿದ. ಸಾಯುವ ಹಿಂದಿನ ದಿನ ಕೂಡ ಅಮ್ಮನನ್ನು ಕರೆದು, “ಜೋಳದ ಹೊಟ್ಟು ಹಾಕಿ ನೋಡ್ಬೇಕಿತ್ತು” ಅಂದನಂತೆ. ಆ ಬಟ್ಟಲುಗಳು ಇನ್ನೂ ಅಟ್ಟದ ಮೇಲಿವೆ. ಎಸೆಯುವುದಕ್ಕೆ ನನಗೆ ಕೈ ಬಂದಿಲ್ಲ.

ನಿನ್ನ ಗೋಣಿಯ ವಿಷಯ ಅವನಿಗೆ ಗೊತ್ತಿದ್ದರೆ ಒಂದು ಬೆಳಗ್ಗೆಯಲ್ಲಿ ಎಲ್ಲ ಮುಗಿಯುತ್ತಿತ್ತು. ನಿನಗೆ ಎರಡು ಬಿಗಿಯುತ್ತಿದ್ದ, ಆಮೇಲೆ ನಕ್ಕುಬಿಡುತ್ತಿದ್ದ, ನಿನ್ನ ಮೇಲೆ ಅವನಿಗೆ ಅಷ್ಟು ಪ್ರೀತಿ. ಅದು ಕೂಡ ನನಗೆ ಸಿಟ್ಟು ತರಿಸುತ್ತದೆ, ಮುಚ್ಚಿಡುವುದೇನು.

ಈಗ ಯಾಕೆ ಇದೆಲ್ಲ ಅಂತ ಕೇಳುತ್ತೀಯ. ಸಂತ ರೋಕನ ಆ ಗಂಟೆ ಇಷ್ಟು ವರ್ಷ ಅಂಗಳದ ಮೂಲೆಯಲ್ಲಿ ಬಿದ್ದಿತ್ತು, ಕರಗಿಸುವುದಕ್ಕೆ ಅಪ್ಪ ಬಿಟ್ಟಿರಲಿಲ್ಲ. ಚರ್ಚಿನವರು ಕೊನೆಗೂ ಅದನ್ನೇ ಕರಗಿಸಿ ಮತ್ತೆ ಎರೆಯಿರಿ ಅಂತ ಹೇಳಿದ್ದಾರೆ. ಈಗ ಕಾರ್ಖಾನೆಯ ಯಜಮಾನ ರೆಮೊ. ಜೀವ ನಾನು ಕಟ್ಟುತ್ತೇನೆ ಅಂತ ಹೋಗಿ ಕೇಳಿದೆ. ನಲವತ್ತೈದು ವರ್ಷದ ಹೆಂಗಸು, ಶಾಲೆ ಮಗುವಿನ ಹಾಗೆ ಬಾಗಿಲಲ್ಲಿ ನಿಂತು ಕೇಳಿದೆ. ಅವನು ಕಾಗದದಿಂದ ತಲೆ ಎತ್ತಲಿಲ್ಲ. “ನೀನೇ ಕಟ್ಟು, ಬೇಡ ಅಂದೋರ್ಯಾರು? ಗುಂಡಿ ಅಂಚಲ್ಲಿ ನಿಂತು ಹೇಳು ಮೊದ್ಲು” ಅಂದ. ಹೇಳಲು ನನ್ನ ಹತ್ತಿರ ಏನೂ ಇಲ್ಲ ಅಂತ ಗೊತ್ತಿದ್ದೇ ಅಂದ.

ಪದ್ಧತಿ ನಿನಗೂ ಗೊತ್ತು, ಲೇಖನದಲ್ಲಿ ಬರೆಯಲು ಮರೆತಿದ್ದೀಯ ಅಷ್ಟೇ. ಸತ್ತ ಗಂಟೆಯನ್ನು ಮತ್ತೆ ಎರೆಯುವ ಮೊದಲು, ಅದು ಯಾಕೆ ಸತ್ತಿತು ಅಂತ ಯಾರಾದರೂ ಗುಂಡಿಯ ಅಂಚಿನಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಹೇಳಿದ ಮೇಲೇ ಮೊದಲ ಬುಟ್ಟಿ ಮಣ್ಣು ಒಳಗೆ ಬೀಳುವುದು. ಯಾರೂ ಹೇಳದಿದ್ದರೆ ಹಳೆಯ ಜೀವ ಕಟ್ಟಿದವರ ಕೈ ಹೊಸದನ್ನು ಮುಟ್ಟಬಾರದು. ಅಜ್ಜನ ಕಾಲದಲ್ಲಿ ಒಬ್ಬ, ತಾನು ಕುಡಿದು ತವರ ಕಡಿಮೆ ಹಾಕಿದೆ ಅಂತ ಹೆಂಡತಿ ಮಕ್ಕಳ ಮುಂದೆ ಹೇಳಿ, ಆ ಮಧ್ಯಾಹ್ನವೇ ಕೆಲಸಕ್ಕೆ ಇಳಿದನಂತೆ. ಹೇಳಿದವನನ್ನು ಆಮೇಲೆ ಯಾರೂ ಆ ವಿಷಯ ಎತ್ತಿ ಆಡಿಕೊಳ್ಳುವ ಹಾಗಿಲ್ಲ.

ಮಾರ್ಚ್ 12, ಶನಿವಾರ, ಬೆಳಗ್ಗೆ ಹತ್ತಕ್ಕೆ ಗುಂಡಿ ತೆರೆಯುತ್ತಾರೆ. ನೀನು ಬಾ. ಶುಕ್ರವಾರದ ರೈಲಿಗೆ ಹತ್ತಿದರೆ ಸಾಕು, ಸ್ಟೇಷನ್ನಿಗೆ ಜೆರಾರ್ದೊನ ಗಾಡಿ ಕಳಿಸುತ್ತೇನೆ. ಬಂದು, ಆ ಕೊಳೆಯಿಲ್ಲದ ಏಪ್ರನ್ ಬಿಚ್ಚಿಟ್ಟು, ಗುಂಡಿಯ ಅಂಚಿನಲ್ಲಿ ನಿಂತು, ‘ಹಸಿ ಗೋಣಿ ಹೊದಿಸಿದವನು ನಾನು’ ಅನ್ನು. ನಾಲ್ಕೇ ಪದ. ನೀನು ಪದಗಳ ಮನುಷ್ಯ, ನಾಲ್ಕು ಪದ ನಿನಗೆ ಭಾರವಲ್ಲ. ಬರಲು ಆಗದಿದ್ದರೆ ಬರೆದು, ಸಹಿ ಹಾಕಿ ಕಳಿಸು. ಚೆಸೀದಿಯೊ ಮಾಮ ಓದುತ್ತಾನೆ. ಆದರೆ ಸುಂದರವಾಗಿ ಬರೆಯಬೇಡ. ಉಸಿರು, ಕಾವು, ಅದೂ ಇದೂ ಬೇಡ. ಗೋಣಿ ಅನ್ನು, ನೀರು ಅನ್ನು, ಬುಧವಾರ ಅನ್ನು.

ಬಂದರೆ ಆ ಪಿಟೀಲನ್ನೂ ತಾ. ಅದನ್ನು ಮಾರಿಲ್ಲ, ಅಂಗಡಿಯ ಗೋಡೆಯ ಮೇಲೆ ಇಟ್ಟುಕೊಂಡಿದ್ದೇನೆ ಅಂತ ಬರೆದಿದ್ದೀಯ. ಹನ್ನೆರಡು ಕ್ವಿಂಟಾಲ್ ಕಂಚಿನ ದನಿ ನುಂಗಿದ್ದು ಹೇಗೆ ಹಾಡುತ್ತದೆ ಅಂತ ನಾನೂ ಕೇಳಬೇಕು. ಅಮ್ಮನೂ ಕೇಳಲಿ. ಅವಳಿಗೆ ಗೋಣಿಯ ವಿಷಯ ಅರ್ಥವಾಗಿಲ್ಲ, ನಾನು ಹೇಳಿಲ್ಲ. ಪತ್ರಿಕೆಯನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ, ಬಂದವರಿಗೆಲ್ಲ ನಿನ್ನ ಚಿತ್ರ ತೋರಿಸುತ್ತಾಳೆ.

ಕೋಪ ಇಳಿಯಲಿ ಆಮೇಲೆ ಬರೆಯೋಣ ಅಂತ ಮೂರು ದಿನ ಕಾದೆ. ಇಳಿಯಲಿಲ್ಲ.

ನಿನ್ನ ಅಕ್ಕ,
ಲೊರೆತಾ

ತಾ.ಕ.

ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಅಂಟಿಸಿದ ಕೂಡಲೇ ಹೋಗಿ ಪೆಟ್ಟಿಗೆಗೆ ಹಾಕಿದ್ದರೆ ಮುಗಿದುಹೋಗುತ್ತಿತ್ತು, ಕಾಲು ಬರಲಿಲ್ಲ.

ಗುರುವಾರ ಬೆಳಗ್ಗೆಯ ಬಗ್ಗೆ ಬರೆಯುವುದಕ್ಕೆ ಹೆಚ್ಚೇನಿಲ್ಲ ಅಂದೆ. ಇದೆ. ಜೀವ ಒಣಗಿದ್ದರೆ ಕೈ ಹೊರಗೆ ಬಂದಾಗ ಬೆರಳ ತುದಿಗೆ ಬಿಳಿ ಪುಡಿ ಹತ್ತಿರುತ್ತದೆ, ಊದಿದರೆ ಹಾರುತ್ತದೆ. ನನ್ನ ಬೆರಳಿಗೆ ಕಪ್ಪು ಹತ್ತಿತ್ತು. ತಣ್ಣಗಿತ್ತು. ಬಾಯಿಯ ಕೆಳಗೆ ಒಂದು ಗೇಣಿನಷ್ಟು ಜಾಗ, ಬೇರೆಲ್ಲ ಬಿಸಿ, ಅಲ್ಲಿ ಮಾತ್ರ ತಣ್ಣಗೆ. ನನಗೆ ಗೊತ್ತಾಯಿತು ಎಲ್ವಿಯೊ. ಯಾಕೆ ಅಂತ ಗೊತ್ತಾಗಲಿಲ್ಲ, ಆದರೆ ಹಸಿ ಇದೆ ಅಂತ ಗೊತ್ತಾಯಿತು.

ಸುತ್ತ ಹದಿನಾಲ್ಕು ಗಂಡಸರು ನಿಂತಿದ್ದರು. ರೆಮೊ ಕೈಕಟ್ಟಿಕೊಂಡು ನಗುತ್ತಿದ್ದ. ಹಸಿ ಅಂದರೆ ಇನ್ನೂ ಎರಡು ದಿನ ಬೆಂಕಿ, ಬಿಷಪ್ಪರಿಗೆ ಬೇಡ ಅಂತ ಹೇಳಿ ಕಳಿಸಬೇಕು, ಹೆಂಗಸು ಕಟ್ಟಿದ್ದು ನೋಡಿ ಅಂತ ಊರೆಲ್ಲ ಅಂದುಕೊಳ್ಳಬೇಕು. “ಏನೇ ಲೊರೆತಾ, ಒಣಗಿದ್ಯಾ?” ಅಂತ ಅಪ್ಪ ಕೇಳಿದ. ನಾನು ಕೈಯನ್ನು ಏಪ್ರನ್ನಿನ ಜೇಬಿಗೆ ಹಾಕಿ, “ಒಣಗಿದೆ ಅಪ್ಪ” ಅಂದೆ. ಅವನು ನನ್ನ ಕೈ ನೋಡಬೇಕು ಅನ್ನಲಿಲ್ಲ. ನನ್ನ ಮುಖ ನೋಡಿದ, ಸಾಕು ಅಂದುಕೊಂಡ.

ಆಸ್ಪತ್ರೆಯಲ್ಲಿ ಅವನು ಕೇಳಿದ್ದೂ ಅದೇ ಮಾತು. “ನಿಜ ಹೇಳೇ ಮಗಳೇ, ಬೈಯಲ್ಲ. ಒಣಗಿತ್ತಾ?” ಒಣಗಿತ್ತು ಅಪ್ಪ ಅಂದೆ. ಹಾಗಾದರೆ ತಪ್ಪು ನನ್ನ ಮಣ್ಣಿನದೇ ಅಂದ. ಆ ನಾಲ್ಕು ವರ್ಷದ ಬಟ್ಟಲುಗಳನ್ನು ಅವನ ಕೈಗೆ ಕೊಟ್ಟವಳು ನಾನು, ನೀನಲ್ಲ. ದಿನಾ ಬೆಳಗ್ಗೆ ಅವನಿಗೆ ನೀರು ತಂದು ಕೊಡುತ್ತಿದ್ದವಳೂ ನಾನೇ, ಮಣ್ಣು ಕಲಸುವುದಕ್ಕೆ.

ಆ ಶನಿವಾರ ನಾನು ಗುಂಡಿಯ ಅಂಚಿನಲ್ಲಿ ನಿಂತು ಇದನ್ನು ಹೇಳುತ್ತೇನೆ. ನಿನ್ನ ಕಾಗದ ಬಂದರೂ ಹೇಳುತ್ತೇನೆ, ಬರದಿದ್ದರೂ ಹೇಳುತ್ತೇನೆ. ಅಮ್ಮನನ್ನೂ ಕರೆದುಕೊಂಡು ಹೋಗಿ ಮುಂದೆ ಕೂರಿಸುತ್ತೇನೆ. ನಿನ್ನ ಮೇಲಿನ ಕೋಪ ಹಾಗೇ ಇದೆ, ಇದರಿಂದ ಒಂದು ಚೂರೂ ಕಡಿಮೆಯಾಗಿಲ್ಲ, ಹಾಗಂತ ತಿಳಿಯಬೇಡ.

ಆದರೂ ಬಾ. ಒಬ್ಬಳೇ ನಿಲ್ಲುವುದಕ್ಕೆ ನನಗೆ ಹೆದರಿಕೆಯಾಗುತ್ತಿದೆ.